ಮೂಗಿನ ಸರ್ಜರಿ: ಸಿಲಿಕೋನಾ, ಸ್ವಂತ ಕಾರ್ಟಿಲೇಜಾ?

ಪ್ರಶ್ನೆ (ಹಾಸನ): ತಮ್ಮನಿಗೆ 24 ವರ್ಷ. ಹಳೇ ಪೆಟ್ಟಿಗೆ ಮೂಗಿನ ದಿಂಡು ಕುಸಿದಿದೆ, ಉಸಿರೂ ಕಟ್ಟುತ್ತೆ. ಒಬ್ಬ ಡಾಕ್ಟರು ಸಿಲಿಕೋನ್ (ರಬ್ಬರಿನಂಥ ಕೃತಕ ತುಂಡು) ಅಂದ್ರು, ಇನ್ನೊಬ್ಬರು ಪಕ್ಕೆಲುಬಿನ ಕಾರ್ಟಿಲೇಜ್ (ಮೆದು ಎಲುಬು) ಅಂತಾರೆ. ಯಾವುದು ವಾಸಿ?

ಉತ್ತರ 1: ಉಸಿರು ಕಟ್ಟುತ್ತೆ ಅಂದ್ಮೇಲೆ ಸ್ವಂತ ಕಾರ್ಟಿಲೇಜೇ ಸರಿ. ಸಿಲಿಕೋನ್ ದಿಂಡನ್ನು ಎತ್ತರ ಮಾಡುತ್ತೆ ಅಷ್ಟೇ, ಒಳಗಿನ ದಾರಿ ಬಿಡಿಸಲ್ಲ. ಅದಕ್ಕೆ ಅಂಗಾಂಶ ಬೆಸೆಯಲ್ಲ, ಸುತ್ತ ಒಂದು ಪೊರೆ ಕಟ್ಟುತ್ತೆ. ಹಾಗಾಗಿ ಜರುಗಬಹುದು, ವರ್ಷಗಳಾದ ಮೇಲೂ ಸೋಂಕಾಗಬಹುದು. ತುದಿಯವರೆಗೆ ಇಟ್ಟರೆ ಅಲ್ಲಿನ ಚರ್ಮ ತೆಳುವಾಗಿ, ಕೆಂಪಾಗಿ, ಕೊನೆಗೆ ತೂತು ಬೀಳಬಹುದು. ಕೆಂಪಾದ ದಿನವೇ ತೋರಿಸಬೇಕು.

ಉತ್ತರ 2: ಮೇಲಿನವರು ಹೇಳಿದ್ದು ನಿಜ, ಆದರೆ ಪಕ್ಕೆಲುಬಿಗೂ ತೊಂದರೆಗಳಿವೆ. ಮೊದಲು ಮೂಗಿನ ನಡುಗೋಡೆಯ ಕಾರ್ಟಿಲೇಜ್ ಸಾಕಾಗುತ್ತಾ ಅಂತ ನೋಡ್ತಾರೆ. ಮೇಲೆ, ಮುಂದೆ ಕನಿಷ್ಠ 1 ಸೆಂ.ಮೀ. ಪಟ್ಟಿ ಬಿಟ್ಟು ತೆಗೀಬೇಕು, ಇಲ್ಲಾಂದ್ರೆ ಮೂಗು ಮತ್ತೆ ಕುಸಿಯುತ್ತೆ. ಪೆಟ್ಟು ತಿಂದ ಮೂಗಲ್ಲಿ ಅದು ಸಾಲೋದು ಕಷ್ಟ. ಕಿವಿಯದು ಬಾಗಿರುತ್ತೆ, ತುದಿಗೆ ಚೆನ್ನ, ದಿಂಡಿಗೆ ಬಲ ಸಾಲದು. ಪಕ್ಕೆಲುಬಿನದು ಬೇಕಾದಷ್ಟು ಸಿಗುತ್ತೆ, ಆದರೆ ಕೆತ್ತಿದ ಮೇಲೆ ಸೊಟ್ಟಗಾಗುವ ಗುಣ ಅದಕ್ಕಿದೆ. ಅದಕ್ಕೇ ನಟ್ಟನಡುವಿನ ಭಾಗ ಕೆತ್ತಿ, ಸಲೈನಿನಲ್ಲಿ ಅರ್ಧ ಗಂಟೆ ಇಟ್ಟು, ಬಾಗಿದ್ದನ್ನು ನೋಡಿಕೊಂಡು ಕೂರಿಸ್ತಾರೆ. ಎದೆ ಕೆಲವು ದಿನ ನೋಯುತ್ತೆ, ಅಪರೂಪಕ್ಕೆ ಶ್ವಾಸಕೋಶದ ಪೊರೆಗೆ ಗಾಯವಾಗುತ್ತೆ.

ಉತ್ತರ 1: ಹೌದು, ಸೊಟ್ಟಗಾಗೋದನ್ನ ಹೇಳಲೇಬೇಕಿತ್ತು. ಸಿಗರೇಟ್ ಇದ್ದರೆ ನಾಲ್ಕು ವಾರ ಮೊದಲೇ ಬಿಡಿಸಿ. ಬಾವು ಪೂರ್ತಿ ಇಳಿಯೋಕೆ ಒಂದು ವರ್ಷ ಹಿಡಿಯುತ್ತೆ. ಹಾಸನದಲ್ಲಾಗಲಿ ಬೆಂಗಳೂರಲ್ಲಾಗಲಿ, ಪಕ್ಕೆಲುಬಿನ ಕೇಸು ಎಷ್ಟು ಮಾಡಿದ್ದೀರಿ, ಸೊಟ್ಟಗಾದರೆ ಮರುಸರ್ಜರಿ ಖರ್ಚು ಯಾರದ್ದು ಅಂತ ಮೊದಲೇ ಕೇಳಿ.