ಅಡಿಕೆ ಅಂಗಳದ ಕಾಂಕ್ರೀಟು: 28 ದಿನವಾದರೂ ಹುಡಿ ಏಳುತ್ತಿದೆ

ಬದಿಯಡ್ಕ_ತೋಟ: ಅಂಗಳಕ್ಕೆ ಕಾಂಕ್ರೀಟು ಹಾಕಿ 28 ದಿನ ಆಯಿತು. ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಹಿಡಿಸೂಡಿ ಆಡಿಸಿದರೆ ಬೂದು ಹುಡಿ ಏಳುತ್ತದೆ. ಸಿಮೆಂಟು ಮಾಡುವಾಗ ಗಾಳಿಗೆ ಇಂಗಾಲ ಜಾಸ್ತಿ ಹೋಗುತ್ತದೆ ಅಂತ ಅರ್ಧ ಸಿಮೆಂಟು ಕಡಿಮೆ ಮಾಡಿ ಕಲ್ಲಿದ್ದಲು ಉರಿದ ಬೂದಿ, ಅಂದರೆ ಫ್ಲೈ ಆ್ಯಶ್ ಹಾಕಿದ್ದೆ. ಅರ್ಧದವರೆಗೆ ಆಗುತ್ತದೆ ಅಂತ ಓದಿದ್ದೆ. ಅಡಿಕೆ ಕೊಯ್ಲು ಹತ್ತಿರ ಬಂತು. ಎಲ್ಲಿ ತಪ್ಪಿತು?

ಕುಂಬಳೆ_ಕಡಲು: ಹೊಯಿಗೆ ಎಲ್ಲಿಯದು? ಅಳಿವೆಯದ್ದಾದರೆ ಉಪ್ಪು ಇರುತ್ತದೆ.

ಬದಿಯಡ್ಕ_ತೋಟ: ಎಂ-ಸ್ಯಾಂಡ್, ಕಲ್ಲು ಪುಡಿ ಮಾಡಿದ್ದು.

ಕುಂಬಳೆ_ಕಡಲು: ಹಾಗಾದರೆ ನೀರಿನಲ್ಲಿ. ಉಪ್ಪೇ ಕಾರಣ, ನಮ್ಮ ಬಾವಿ ನೋಡಿದವನು ನಾನು.

ಪೆರ್ಲ_ಮೇಸ್ತ್ರಿ: ಉಪ್ಪು ಒಳಗಿನ ಕಬ್ಬಿಣ ತಿನ್ನುತ್ತದೆ ಮಾರಾಯ್ರೇ, ಕಾಂಕ್ರೀಟನ್ನು ಹೀಗೆ ಹುಡಿ ಮಾಡುವುದಿಲ್ಲ. ಅಣ್ಣಾ, ಚೀಲದ ಮೇಲೆ ಒಪಿಸಿ (ಬರೀ ಸಿಮೆಂಟು) ಅಂತ ಇತ್ತಾ, ಪಿಪಿಸಿ (ಬೆರಕೆ ಸಿಮೆಂಟು) ಅಂತ ಇತ್ತಾ? ಎಷ್ಟು ದಿನ ನೀರು ಹಾಕಿದಿರಿ?

ಬದಿಯಡ್ಕ_ತೋಟ: ಪಿಪಿಸಿ. ಅಂಗಡಿಯಲ್ಲಿ ಸಿಗುವುದು ಅದೇ ಅಲ್ವಾ, ಅದಕ್ಕೇ ಬರೆಯಲಿಲ್ಲ. ನೀರು ನಾಲ್ಕು ದಿನ.

ಪೆರ್ಲ_ಮೇಸ್ತ್ರಿ: ಸಿಕ್ಕಿತು. ಪಿಪಿಸಿಯಲ್ಲಿ ಶೇ 15ರಿಂದ 35ರಷ್ಟು ಬೂದಿ ಮೊದಲೇ ಇರುತ್ತದೆ. ನೀವು ಓದಿದ ಅರ್ಧದ ಲೆಕ್ಕ ಒಪಿಸಿಗೆ. ಮತ್ತೆ ಅಷ್ಟೇ ಚೀಲ ಬೂದಿ ಹಾಕಿದರೆ ಕ್ಲಿಂಕರ್ (ಸುಣ್ಣಕಲ್ಲು, ಜೇಡಿ ಒಟ್ಟಿಗೆ ಸುಟ್ಟು ಮಾಡಿದ ಅಸಲು ಸಿಮೆಂಟು) ಉಳಿಯುವುದು ಮೂರರಲ್ಲಿ ಒಂದು ಪಾಲಿನ ಆಸುಪಾಸು. ಬೂದಿ ತಾನಾಗಿ ಕಚ್ಚುವುದಿಲ್ಲ. ಕ್ಲಿಂಕರ್ ನೀರು ಕುಡಿದು ಬಿಡುವ ಸುಣ್ಣ ಅದಕ್ಕೆ ಬೇಕು. ಅದೂ ನಿಧಾನ. ಇಂಥ ಸಿಮೆಂಟಿಗೆ ಹತ್ತು ದಿನವಾದರೂ ನೀರು ಬೇಕು.

ಶೇಡಿಮಣ್ಣು: ಬೂದಿಯ ಹಿಂದೆ ಯಾಕೆ ಹೋಗುತ್ತೀರಿ? ಎಲ್‌ಸಿ3 ಅನ್ನುವ ಕಡಿಮೆ ಕ್ಲಿಂಕರಿನ ಸಿಮೆಂಟು ನೋಡಿ: 50 ಪಾಲು ಕ್ಲಿಂಕರ್, 30 ಸುಟ್ಟ ಜೇಡಿ, 15 ಸುಣ್ಣಕಲ್ಲು, 5 ಜಿಪ್ಸಂ. ಕ್ಲಿಂಕರಿಗೆ 1450 ಡಿಗ್ರಿ ಬೇಕು, ಜೇಡಿಗೆ 800 ಸಾಕು. ಸುಣ್ಣಕಲ್ಲು ಸುಟ್ಟರೆ ಕಲ್ಲಿನೊಳಗಿನ ಇಂಗಾಲವೇ ಹೊರಗೆ ಬರುತ್ತದೆ, ಜೇಡಿ ಸುಟ್ಟರೆ ನೀರು. ಮುರಕಲ್ಲಿನ ಅಡಿಯ ಶೇಡಿ ಮಣ್ಣನ್ನು (ಬಿಳಿ ಜೇಡಿ) ಮನೆ ಹಿಂದಿನ ಗೂಡಿನಲ್ಲಿ ಸುಟ್ಟು ನಾನೇ ನಾಲ್ಕು ಇಟ್ಟಿಗೆ ಎರೆದಿದ್ದೇನೆ. ಎರಡು ಮಳೆಗಾಲ ಕಂಡಿವೆ. ಫೋಟೋ ಹಾಕಲಾ?

ಪೆರ್ಲ_ಮೇಸ್ತ್ರಿ: ಚಂದ ಕೆಲಸ, ಬೇರೆ ಚರ್ಚೆಯಲ್ಲಿ ಹಾಕಿ, ನಾನೂ ಬರುತ್ತೇನೆ. ಈಗ ಇವರ ಅಂಗಳ. ಒಡೆದು ಮತ್ತೆ ಹಾಕಿದರೆ ಉಳಿಸಿದ ಇಂಗಾಲ ಎಲ್ಲ ಹೋಯಿತು. ಅಣ್ಣಾ, ಮೊಳೆಯಲ್ಲಿ ಕೆರೆದು ಆಳ ನೋಡಿ. ಮೇಲೆ ಮಾತ್ರ ಮೆತ್ತಗಿದ್ದರೆ ಅಷ್ಟನ್ನು ಕೆರೆದು ತೆಗೆದು, ಬರೀ ಪಿಪಿಸಿಯಲ್ಲಿ ಎರಡು ಇಂಚು ಹಾಕಿ. ಒದ್ದೆ ಗೋಣಿ ಹೊದೆಸಿ 14 ದಿನ ಇಡಿ.

ಕುಂಬಳೆ_ಕಡಲು: ನೀರು ಒಮ್ಮೆ ಪರೀಕ್ಷೆ ಮಾಡಿಸಿ ಅಂತ ಈಗಲೂ ಹೇಳುತ್ತೇನೆ.

ಬದಿಯಡ್ಕ_ತೋಟ: ಕೆರೆದು ನೋಡಿದೆ. ನಡುವೆ ಮೊಳೆ ಅರ್ಧ ಇಂಚು ಇಳಿಯಿತು. ಬಚ್ಚಲಿನ ಬದಿಯ ಮೂಲೆಯಲ್ಲಿ ಗೆರೆ ಕೂಡ ಬೀಳಲಿಲ್ಲ. ಅದೇ ಬೂದಿ, ಅದೇ ಸಿಮೆಂಟು. ಆದರೆ ಅಲ್ಲಿ ದಿನಾ ಬಚ್ಚಲ ನೀರು ನಿಲ್ಲುತ್ತದೆ. ಮೇಸ್ತ್ರಿಯವರೇ, ಉಳಿದ ಕಡೆ ಇನ್ನೂ ನೀರು ಕಟ್ಟಿ ನಿಲ್ಲಿಸಿದರೆ ಏನಾದರೂ ಆದೀತಾ?