ಹಳೇ ಕೊಟ್ಟಿಗೆ ಕಂಬಗಳಿಂದ ಊಟದ ಮೇಜು ಆಗುತ್ತಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಅಜ್ಜ ಕಟ್ಟಿಸಿದ ಕೊಟ್ಟಿಗೆ ಬಿಚ್ಚಿಸಿದೆವು. ಹಲಸಿನ ಕಂಬ ಆರು ಸಿಕ್ಕಿವೆ. ಒಂದರಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳಗಲ ಸವೆದಿದೆ, ನಮ್ಮ ಗೌರಿಯನ್ನು ಕಟ್ಟುತ್ತಿದ್ದ ಜಾಗ ಅದು. ಒಲೆಗೆ ಹಾಕಲು ಮನಸ್ಸೇ ಇಲ್ಲ. ಮೇಜು ಮಾಡಿಸಬಹುದಾ?

ಉತ್ತರ 1:
ಖಂಡಿತ. ಮೊದಲು ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದರೆ ಗಟ್ಟಿ, ಮಂಕು ಸದ್ದು ಬಂದರೆ ಒಳಗೆ ಟೊಳ್ಳು. ಬುಡ ಗಂಜಲ ಕುಡಿದಿರುತ್ತೆ, ಒಂದಡಿ ಕತ್ತರಿಸಿಬಿಡಿ.

ಉತ್ತರ 2:
ಮಿಲ್ಲಿಗೆ ಒಯ್ಯುವ ಮುಂಚೆ ಅಯಸ್ಕಾಂತ ಆಡಿಸಿ. ಒಳಗೆ ಮುರಿದು ಕೂತ ಒಂದು ಮೊಳೆ ಸಾಕು, ಗರಗಸದ ಹಲ್ಲು ಹೋಗುತ್ತೆ. ತೂತಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಇರಬಹುದು. ಬೋರಾಕ್ಸ್ ನೀರು ಹೊಡೆಯಿರಿ.

ಕೇಳಿದವರು:
ಈಗಷ್ಟೇ ತಟ್ಟಿದೆ. ಐದು ಟಣ್ ಅಂದವು! ಹಗ್ಗದ ಗುರುತಿರುವ ಕಡೆ ಕೀಸಬೇಡಿ ಅಂತ ಬಡಗಿಗೆ ಹೇಳಿದ್ದೇನೆ.