ಆಶ್ವಿಟ್ಸ್ ದಾಖಲೆಯಲ್ಲಿ ಹೆಸರಿಲ್ಲ ಅಂದ್ರೆ ಏನರ್ಥ?

ಪ್ರಶ್ನೆ: 1944ರಲ್ಲಿ ಹಂಗರಿಯಿಂದ ನಾಜಿಗಳ ಶಿಬಿರವಾದ ಆಶ್ವಿಟ್ಸ್‌ಗೆ ಸಾಗಿಸಿದ ಯಹೂದಿ ಮಹಿಳೆಯೊಬ್ಬರು ತಾಯಿ, ಪುಟ್ಟ ತಮ್ಮನ ಬಗ್ಗೆ ಸಂದರ್ಶನದಲ್ಲಿ ಹೇಳಿದ್ದಾರೆ. ಆ ಇಬ್ಬರ ಹೆಸರು ಶಿಬಿರದ ದಾಖಲೆಗಳಲ್ಲಿ ಎಲ್ಲೂ ಇಲ್ಲ. ಹೇಳಿಕೆ ನಂಬೋದಾ?

ಉತ್ತರ 1: ಹೆಸರಿಲ್ಲ ಅನ್ನೋದೇ ಅಲ್ಲಿ ಸಹಜ. ಸಾಗಿಸಿದ್ದು ಸುಮಾರು 13 ಲಕ್ಷ ಜನರನ್ನು, ನಂಬರ್ ಕೊಟ್ಟು ನೋಂದಾಯಿಸಿದ್ದು ಸುಮಾರು 4 ಲಕ್ಷ ಮಾತ್ರ. ಚಿಕ್ಕ ಮಕ್ಕಳನ್ನೂ ಅವರ ಜೊತೆಗಿದ್ದ ತಾಯಂದಿರನ್ನೂ ರೈಲಿಂದ ಇಳಿಸಿದ ಮೇಲೆ ನೇರ ಗ್ಯಾಸ್ ಚೇಂಬರಿಗೆ ಕಳಿಸ್ತಿದ್ರು, ಪುಸ್ತಕಕ್ಕೆ ಏರಿಸ್ತಿರಲಿಲ್ಲ. ಜೊತೆಗೆ, ನೋಂದಾಯಿತ ಕೈದಿಗಳ ಸಾವು ಬರೆದಿಡ್ತಿದ್ದ ಮರಣ ಪುಸ್ತಕಗಳಲ್ಲಿ ಉಳಿದಿರೋವು 1941ರಿಂದ 1943ರವರೆಗಿನವು. 1944ರವರನ್ನು ಅದರಲ್ಲಿ ಹುಡುಕಿ ಪ್ರಯೋಜನವಿಲ್ಲ.

ಉತ್ತರ 2: ಹುಡುಕುವ ರೀತಿಯಲ್ಲೂ ಎಡವಟ್ಟಾಗಿರಬಹುದು. ಹಂಗೇರಿಯನ್‌ನಲ್ಲಿ ಮನೆತನದ ಹೆಸರು ಮೊದಲು. ಮದುವೆಯಾದವರನ್ನು ಗಂಡನ ಹೆಸರಿಗೆ ‘ನೇ’ ಸೇರಿಸಿ ಬರೀತಿದ್ರು: ‘ಕೊವಾಚ್ ಯಾನೋಶ್‌ನೇ’ ಅಂದ್ರೆ ಯಾನೋಶ್ ಕೊವಾಚ್‌ನ ಹೆಂಡತಿ, ಆಕೆಯ ಸ್ವಂತ ಹೆಸರು ಅದರಲ್ಲಿ ಇರೋದೇ ಇಲ್ಲ! ಜರ್ಮನ್ ಗುಮಾಸ್ತನ ಕೈಯಲ್ಲಿ ಗ್ಯೋರ್ಗ್ಯ್ ಅನ್ನೋನು ಗಿಯೋರ್ಗ್ ಆಗಿಬಿಡ್ತಾನೆ. ನಾಜಿ ಸಂತ್ರಸ್ತರ ದಾಖಲೆಗಳಿರೋ ಜರ್ಮನಿಯ ಅರೋಲ್ಸನ್ ಸಂಗ್ರಹದಲ್ಲಿ, ಸಂದರ್ಶನ ಕೊಟ್ಟ ಮಗಳ ಹೆಸರನ್ನು ಹುಟ್ಟಿದ ದಿನಾಂಕದ ಜೊತೆ ಹುಡುಕಿ. ಆಕೆಯ ಕೈದಿ ಕಾರ್ಡ್ ಉಳಿದಿದ್ರೆ ಅದರಲ್ಲಿ ಹೆತ್ತವರ ಹೆಸರೂ ಸಿಗಬಹುದು.

ಉತ್ತರ 3: ಇಸ್ರೇಲಿನ ಯಹೂದಿ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ನ ಸಾಕ್ಷ್ಯಪತ್ರಗಳನ್ನೂ ನೋಡಿ. ಅವು ಸತ್ತವರ ಬಗ್ಗೆ ನೆಂಟರು, ಪರಿಚಯದವರು ನೆನಪಿಂದ ತುಂಬಿದ ನಮೂನೆಗಳು, ಹಾಗಾಗಿ ಒಬ್ಬರಿಗೇ ಎರಡು ಮೂರು ಪತ್ರ, ಹುಟ್ಟಿದ ವರ್ಷ ಬೇರೆ ಬೇರೆ ಇರೋದುಂಟು. ಕೆಳಗೆ ತುಂಬಿದವರ ಸಂಬಂಧ ಬರೆದಿರುತ್ತೆ, ಮೊದಲು ಅದನ್ನು ಓದಿ. ಅಂದಹಾಗೆ, ಮರಣ ಪುಸ್ತಕದಲ್ಲಿ ‘ಹೃದಯ ದೌರ್ಬಲ್ಯ’ ಅಂತ ಕಂಡರೆ ಅದನ್ನು ಸಾವಿನ ಕಾರಣ ಅಂತ ಎತ್ತಿ ಬರೀಬೇಡಿ. ಕೊಲೆ ಮುಚ್ಚಲು ಇಂಥ ಕಾರಣ ತುಂಬ್ತಿದ್ರು.